ತಲೆ ಮೇಲಿನ ಬಂಡೆಗೂ ಬೇಕು ಲೆಕ್ಕದ ಪುಸ್ತಕ

ಲಿಂಗಸುಗೂರಿನಲ್ಲಿ ಹಟ್ಟಿ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ಪಾಳಿಗೆ ಹೊರಟ ಚಿನ್ನದ ಗಣಿ ಕಾರ್ಮಿಕ ಸಿಗುತ್ತಾನೆ. ಅವನು ಕೆಲಸ ಮಾಡೋ ಜಾಗದಲ್ಲಿ ತಲೆ ಮೇಲಿನ ಕಲ್ಲು ಗಟ್ಟಿ ಐತೋ ಇಲ್ಲೋ?

ನೋಡೋ ರೀತಿ ಹಳೇದು. ಉದ್ದ ಹಾರೆಯಿಂದ ಮೇಲಕ್ಕೆ ಬಡೀತಾರೆ. ಖಣ್ ಅಂದರೆ ಗಟ್ಟಿ. ಡಬ್ ಅಂದರೆ ಬಿಟ್ಟುಕೊಂಡಿದೆ. ಕೆಡವಬೇಕು, ಇಲ್ಲವೇ ಆಸರೆ ಕೊಡಬೇಕು. ಅಲ್ಲೀತನಕ ಅತ್ತ ಯಾರೂ ಸುಳಿಯಬಾರದು. ಸಿಡಿಮದ್ದು ಹಾರಿಸಿದ ಮೇಲಂತೂ ಮತ್ತೆ ಬಡಿದು ನೋಡಲೇಬೇಕು. ಬೆಳಿಗ್ಗೆ ಗಟ್ಟಿಯಿದ್ದದ್ದು ಸಂಜೆಗೆ ಇರುತ್ತೆ ಅಂತ ಹೇಳೋಕಾಗಲ್ಲ.

ಕೇಳಿದ್ದನ್ನು ಬರೆಯಬೇಕು. ತಪಾಸಣೆ ಮಾಡಿದವನು ವರದಿ ಬರೆದು ಸಹಿ ಹಾಕಬೇಕೆಂದು 1961ರ ಲೋಹ ಗಣಿ ನಿಯಮಾವಳಿ ಹೇಳಿತು. ಕಾಗದದ ಕಾಟ ಅಂತ ಗೊಣಗುವವರಿದ್ದಾರೆ. ಉದ್ರಿ ಬರೆಯದಿದ್ದರೆ ಅಂಗಡಿಯವನದು ದುಡ್ಡು ಹೋಗುತ್ತೆ, ಅಷ್ಟೆ. ಇಲ್ಲಿ ಒಂದು ಪಾಳಿಯವನು ಕಂಡ ಬಿರುಕು ಮುಂದಿನ ಪಾಳಿಯವನಿಗೆ ತಿಳಿಯದೇ ಹೋದರೆ ಹೋಗೋದು ಪ್ರಾಣ.

ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ಅಲ್ಲಿ ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು, ಮೇಲಿನ ಮನೆಗಳೂ ನಡುಗುತ್ತಿದ್ದವು. ಹಾರೆ ಎಲ್ಲಿ ಸಾಕಾದೀತು? ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ಆಸರೆ ಕೊಟ್ಟರು, ಯಂತ್ರವಿಟ್ಟು ನಡುಕ ದಾಖಲಿಸಿದರು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು.

ಹಟ್ಟಿಯಲ್ಲಿ ಇಳಿಯೋರು ಇನ್ನೂ ಇದ್ದಾರೆ. ನೋಡದೇ ಮೇಜಿನ ಮೇಲೇ ‘ಎಲ್ಲಾ ಸರಿ’ ಅಂತ ಗೀಚಿದ ಪುಟ ಅವರಿಗೆ ಬೇಡ. ಯಾವ ಜಾಗ, ಎಂಥ ಬಿರುಕು, ಏನು ಮಾಡಿದ್ರು, ಯಾರ ಸಹಿ, ಇಷ್ಟು ಇಳಿಯೋ ಮುಂಚೆ ಗೊತ್ತಾಗಬೇಕು.