ಟೆಂಡರ್ ದರದ ಗುಟ್ಟು

ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಉಂಡೆ ಕೊಬ್ಬರಿಯ ದರ ಬಾಯಿಬಿಟ್ಟು ಕೂಗಿ ನಿಗದಿಯಾಗುವುದಲ್ಲ. ರೈತರು ತಂದ ಮಾಲು ಮಂಡಿಯಲ್ಲಿ ಲಾಟ್ ಆಗಿ ಕೂರುತ್ತದೆ. ವರ್ತಕರು ಬಂದು ಕೊಬ್ಬರಿಯ ಬಣ್ಣ, ಗಾತ್ರ, ಒಣಗಿದ ಹದ ನೋಡಿ, ಈ ಲಾಟಿಗೆ ಕ್ವಿಂಟಲ್‌ಗೆ ಇಷ್ಟು ಎಂದು ಟೆಂಡರ್ ಹಾಕುತ್ತಾರೆ. ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಗೊತ್ತಾಗಬಾರದು. ಗೊತ್ತಾದರೆ ಅದರ ಮೇಲೆ ಹತ್ತು ರೂಪಾಯಿ ಇಟ್ಟು ಲಾಟ್ ಎತ್ತಿಕೊಂಡು ಹೋಗಬಹುದು. ಐನೂರು ರೂಪಾಯಿ ಹೆಚ್ಚು ಕೊಡಲು ಮನಸ್ಸು ಮಾಡಿ ಬಂದವರೂ ಆಗ ಹತ್ತಕ್ಕೇ ನಿಲ್ಲುತ್ತಾರೆ. ನಷ್ಟವಾಗುವುದು, ಹತ್ತು ತಿಂಗಳು ಅಟ್ಟದ ಮೇಲೆ ಕಾಯಿ ಕಾದುಕೊಂಡು ಕೂತ ತುರುವೇಕೆರೆಯ, ಚಿಕ್ಕನಾಯಕನಹಳ್ಳಿಯ ರೈತನಿಗೆ.

ಹಿಂದೆ ಈ ಗುಟ್ಟು ಚೀಟಿಯಲ್ಲಿತ್ತು. 2014ರಲ್ಲಿ ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆ ಕಟ್ಟಿದವು; ಏಕೀಕೃತ ಮಾರುಕಟ್ಟೆ ವೇದಿಕೆ ಬಂತು, ಚೀಟಿ ಹೋಗಿ ಇ-ಟೆಂಡರ್ ಆಯಿತು. ಈಗ ದರ ಒಂದು ಅಂಕಿಯಾಗಿ ಹೊರಟು ವೈಫೈಯೋ ಟವರ್ರೋ ಹಿಡಿದು, ಫೈಬರ್ ಕೇಬಲ್ ಮೇಲೆ, ಯಾರ್‍ಯಾರದೋ ರೂಟರ್‌ಗಳನ್ನು ದಾಟಿ ಸರ್ವರ್ ಮುಟ್ಟುತ್ತದೆ. ನಡುವೆ ಕೂತವರು ಅದನ್ನು ಓದಬಹುದು, ತಿದ್ದಲೂಬಹುದು. ಇಂಟರ್‌ನೆಟ್ಟನ್ನು ಕಟ್ಟಿದ ಕಾಲದಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಇವತ್ತು ಅಡ್ಡ ನಿಂತಿರುವುದು ಟಿಎಲ್ಎಸ್ ಎಂಬ ನಿಯಮಾವಳಿ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಎಂದಿದ್ದರೆ ಕೆಲಸ ಮಾಡುತ್ತಿರುವುದು ಅದೇ.

ಸಿದ್ಧಗಂಗೆಯ ದನದ ಜಾತ್ರೆ ನೋಡಿದವರಿಗೆ ಟವೆಲ್ ವ್ಯಾಪಾರ ಗೊತ್ತು. ಟವೆಲ್ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಹೇಳುತ್ತಾರೆ; ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯದು. ಆದರೆ ಅಲ್ಲಿ ಕೈಗೆ ಕೈ ತಾಗಬೇಕು. ತಿಪಟೂರಿನ ಮೊಬೈಲೂ ದೂರದ ಸರ್ವರ್ರೂ ಎಂದೂ ಮುಖಾಮುಖಿ ಆದವಲ್ಲ, ಆಡಿದ ಮಾತೆಲ್ಲ ದಾರಿಯಲ್ಲಿರುವವರ ಕಿವಿಗೆ ಬೀಳುತ್ತದೆ. ಹಾಗಿದ್ದೂ ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ ಹುಟ್ಟಬೇಕು. ಇದು ಸಾಧ್ಯ ಎಂದು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ತೋರಿಸಿದರು. ಕಳೆದ ಶತಮಾನದ ಗಣಿತದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ಇದೇ. ಕಾಗದ ಪೆನ್ನು ಹಿಡಿದು ನೀವೇ ಮಾಡಿ ನೋಡಬಹುದು.

19 ಮತ್ತು 2, ಈ ಎರಡು ಸಂಖ್ಯೆ ಎಲ್ಲರಿಗೂ ಗೊತ್ತಿರಲಿ. ಮೊಬೈಲ್ ಮನಸ್ಸಿನಲ್ಲೇ 5 ಎಂದು ಇಟ್ಟುಕೊಳ್ಳುತ್ತದೆ. ಐದು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 32. ಅದನ್ನು 19ರಿಂದ ಭಾಗಿಸಿದರೆ ಶೇಷ 13. ಈ 13ನ್ನು ಬಹಿರಂಗವಾಗಿ ಕಳಿಸುತ್ತದೆ. ಸರ್ವರ್ ಮನಸ್ಸಿನಲ್ಲಿ 7 ಇದೆ. ಏಳು ಎರಡುಗಳನ್ನು ಗುಣಿಸಿದರೆ 128, ಶೇಷ 14, ಅದೂ ಬಹಿರಂಗ. ಈಗ ಮೊಬೈಲ್ ತನಗೆ ಬಂದ 14ನ್ನು ಐದು ಸಲ ಬರೆದು ಗುಣಿಸಿ 19ರಿಂದ ಭಾಗಿಸುತ್ತದೆ: ಶೇಷ 10. ಸರ್ವರ್ 13ನ್ನು ಏಳು ಸಲ ಬರೆದು ಅದೇ ಲೆಕ್ಕ ಮಾಡುತ್ತದೆ: ಶೇಷ 10. ಇಬ್ಬರ ಕೈಯಲ್ಲೂ 10 ಇದೆ, ಆದರೆ 10 ಎಂಬುದು ತಂತಿಯ ಮೇಲೆ ಒಮ್ಮೆಯೂ ಹೋಗಿಲ್ಲ. ಕದ್ದು ಕೇಳಿದವನಿಗೆ ಸಿಕ್ಕಿದ್ದು 19, 2, 13, 14 ಮಾತ್ರ.

ಇಷ್ಟು ಚಿಕ್ಕ ಸಂಖ್ಯೆಯಾದರೆ ಒಂದೊಂದೇ ಹಾಕಿ ನೋಡಿ 5ನ್ನು ಹುಡುಕಿಬಿಡಬಹುದು. ಇಂದಿನ ಬ್ರೌಸರ್‌ಗಳು ಹೆಚ್ಚಾಗಿ ಬಳಸುವ ವಿಧಾನದಲ್ಲಿ 19ರ ಜಾಗದಲ್ಲಿರುವುದು 77 ಅಂಕಿಗಳ ಸಂಖ್ಯೆ, ಲೆಕ್ಕವೂ ಬರಿಯ ಗುಣಾಕಾರವಲ್ಲ, ಒಂದು ವಕ್ರರೇಖೆಯ ಮೇಲಿನ ಬಿಂದುಗಳದ್ದು. ಮುಂದಕ್ಕೆ ಲೆಕ್ಕ ಹಾಕಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಹಿಂದಕ್ಕೆ ಬಿಡಿಸಲು ಇಂದಿನ ಯಾವ ಕಂಪ್ಯೂಟರಿಗೂ ಆಯಸ್ಸು ಸಾಲದು. 2018ರಲ್ಲಿ ಬಂದ ಟಿಎಲ್ಎಸ್ 1.3ರಲ್ಲಿ ಈ ಮಾತುಕತೆ ಒಂದೇ ಸಲ ಹೋಗಿ ಬರುವುದರಲ್ಲಿ ಮುಗಿಯುತ್ತದೆ. ತೋಟದ ಮಧ್ಯೆ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಂತವರಿಗೆ ಅದು ಸಣ್ಣ ಉಪಕಾರವಲ್ಲ. ಮಾತುಕತೆ ಮುಗಿದ ಮೇಲೆ ಮನಸ್ಸಿನಲ್ಲಿಟ್ಟಿದ್ದ ಸಂಖ್ಯೆಗಳನ್ನು ಎರಡೂ ಕಡೆ ಅಳಿಸಿಬಿಡಬೇಕು. ಹಾಗಾಗಿ ಸರ್ವರ್‌ನ ಕಾಯಂ ಕೀಲಿ ಮುಂದೆಂದೋ ಕಳುವಾದರೂ ಇವತ್ತು ಕದ್ದು ತುಂಬಿಟ್ಟುಕೊಂಡ ದತ್ತಾಂಶವನ್ನು ಅದರಿಂದ ಬಿಡಿಸಲಾಗದು.

ಹುಟ್ಟಿದ ಗುಟ್ಟಿನಿಂದ ದರವನ್ನು ಗೂಢಲಿಪಿಗೆ ಇಳಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ್ದ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಅದೇ ಅಂಕಿ ಇಟ್ಟುಕೊಳ್ಳೋಣ. ಕಂಪ್ಯೂಟರಿನೊಳಗೆ 1 ಎಂಬ ಅಕ್ಷರ 00110001, 9 ಎಂಬುದು 00111001. ನಡುವಿನ ವ್ಯತ್ಯಾಸ ಒಂದೇ ಒಂದು ಬಿಟ್. ಕೆಲವು ಬಗೆಯ ಗೂಢಲಿಪಿಯಲ್ಲಿ, ಒಳಗೇನಿದೆ ಎಂದು ಓದಲಾಗದವನೂ ಆ ಜಾಗದ ಬಿಟ್ಟನ್ನು ಮಗುಚಿ ಹಾಕಿದರೆ 12,000 ಹೋಗಿ 92,000 ಆಗಿ ಸರ್ವರ್ ಸೇರುತ್ತದೆ. ಓದಲಾಗದಂತೆ ಮಾಡಿದರೆ ಸಾಲದು, ಮುಟ್ಟಿದರೆ ಗೊತ್ತಾಗಬೇಕು. ಅದಕ್ಕಾಗಿ ಪ್ರತಿ ತುಣುಕಿನ ಕೊನೆಗೆ, ಗುಟ್ಟಿನ ಕೀಲಿ ಇದ್ದವರು ಮಾತ್ರ ಲೆಕ್ಕ ಹಾಕಬಲ್ಲ 16 ಬೈಟಿನ ಒಂದು ಗುರುತು ಅಂಟಿರುತ್ತದೆ. ಒಂದು ಬಿಟ್ ಆಚೀಚೆಯಾದರೂ ಗುರುತು ತಾಳೆಯಾಗದೆ ಸಂಪರ್ಕವೇ ಕಡಿದುಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಗುಟ್ಟು ಹಂಚಿಕೊಂಡದ್ದು ಮಾರುಕಟ್ಟೆಯ ಸರ್ವರ್ ಜೊತೆಯೋ, ನಡುವೆ ಕೂತ ಕಳ್ಳನ ಜೊತೆಯೋ? ಇದಕ್ಕೆ ಗಣಿತ ಒಂದೇ ಸಾಲದು, ನಂಬಿಕೆ ಬೇಕು. ಪ್ರಮಾಣಪತ್ರ ಕೊಡುವ ಸಂಸ್ಥೆಗಳು, ಈ ಹೆಸರಿನ ತಾಣದ ಕೀಲಿ ಇದೇ ಎಂದು ಸಹಿ ಹಾಕುತ್ತವೆ. ಬ್ರೌಸರ್ ಆ ಸಹಿ ನೋಡಿ ಒಪ್ಪುತ್ತದೆ. ಇಡೀ ವ್ಯವಸ್ಥೆಯಲ್ಲಿ ಮೆತ್ತಗಿನ ಜಾಗ ಇದು. 2014ರ ಜುಲೈನಲ್ಲಿ ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರದ ಹೆಸರಿನಲ್ಲಿ ಗೂಗಲ್‌ನ ತಾಣಗಳಿಗೆ ಸುಳ್ಳು ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಪತ್ತೆ ಹಚ್ಚಿದ್ದು ಗೂಗಲ್. ಪ್ರಮಾಣಪತ್ರ ಕೊಡುವ ಪ್ರಕ್ರಿಯೆಯೊಳಗೇ ಯಾರೋ ನುಸುಳಿದ್ದರೆಂದು ಮೇಲಿನ ನಿಯಂತ್ರಕರು ತಿಳಿಸಿ, ಆ ಕೇಂದ್ರಕ್ಕೆ ಕೊಟ್ಟಿದ್ದ ಅಧಿಕಾರವನ್ನು ರದ್ದು ಮಾಡಿದರು. ಈಗ ಪ್ರಮುಖ ಬ್ರೌಸರ್‌ಗಳು ಪ್ರತಿ ಪ್ರಮಾಣಪತ್ರವೂ ಯಾರು ಬೇಕಾದರೂ ನೋಡಬಹುದಾದ ಕಡತದಲ್ಲಿ ದಾಖಲಾಗಿರಬೇಕೆಂದು ಕೇಳುತ್ತವೆ. ಕದ್ದುಮುಚ್ಚಿ ಕೊಟ್ಟದ್ದು ಬಹಳ ದಿನ ಬಚ್ಚಿಟ್ಟುಕೊಂಡಿರಲಾರದು.

ಟಿಎಲ್ಎಸ್ ಕಾಯುವುದು ದಾರಿಯನ್ನು. ಸರ್ವರ್ ಸೇರಿದ ಮೇಲೆ, ಟೆಂಡರ್ ತೆರೆಯುವ ಹೊತ್ತಿಗೆ ಮುಂಚೆ ಆ ದರವನ್ನು ಒಳಗೆ ಯಾರು ನೋಡಬಹುದು, ನೋಡಿದ್ದಕ್ಕೆ ದಾಖಲೆ ಉಳಿಯುತ್ತದೆಯೇ ಎಂಬುದು ಅದರ ಕೈಯಲ್ಲಿಲ್ಲ. ರೈತ ಸಂಘಗಳು, ವರ್ತಕರ ಸಂಘಗಳು ಎಪಿಎಂಸಿಯ ಮುಂದೆ ಇಡಬೇಕಾದ ಪ್ರಶ್ನೆ ಅದು, ಮತ್ತು ಅದನ್ನು ಕೇಳಲು ಕಂಪ್ಯೂಟರ್ ಓದಿರಬೇಕಿಲ್ಲ.

ರೈತರ ಮೊಬೈಲಿಗೆ ಬರುವ ಮೋಸ ಇನ್ನೊಂದು ಬಗೆಯದು. ಪಿಎಂ ಕಿಸಾನ್ ಹಣ ಎಂದು ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಬರುತ್ತದೆ, ಆ್ಯಪ್ ಅಳವಡಿಸುವ ಎಪಿಕೆ ಫೈಲ್ ಬರುತ್ತದೆ. ಕಳ್ಳನ ತಾಣಕ್ಕೂ ಅವನದೇ ಹೆಸರಿನ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ, ಕೆಲವು ಬ್ರೌಸರ್‌ಗಳಲ್ಲಿ ಬೀಗದ ಚಿತ್ರವೂ ಕಾಣುತ್ತದೆ; ನಿಮ್ಮ ಒಟಿಪಿ ಬಹಳ ಭದ್ರವಾಗಿ ಅವನ ಕೈಗೇ ತಲುಪುತ್ತದೆ. ಆದ್ದರಿಂದ ವಿಳಾಸವನ್ನು ಮೊದಲ ಒಂಟಿ ಓರೆಗೆರೆಯ ತನಕ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಸರ್ಕಾರದ್ದಾದರೆ ಸಾಮಾನ್ಯವಾಗಿ ಅಲ್ಲಿ ಡಾಟ್ ಗವ್ ಡಾಟ್ ಇನ್ ಎಂದು ಮುಗಿದಿರುತ್ತದೆ. ಆ ಅಕ್ಷರಗಳು ಬರಿಯ ನಡುವೆ ಎಲ್ಲೋ ತೂರಿಕೊಂಡಿದ್ದರೆ ಒತ್ತಬೇಡಿ. ಎಪಿಕೆ ಬಂದರೆ ತೆರೆಯದೆ ಅಳಿಸಿ. ಹಣ ಹೋದದ್ದು ಗೊತ್ತಾದರೆ ಬ್ಯಾಂಕಿನ ಬಾಗಿಲು ತೆರೆಯುವ ತನಕ ಕಾಯದೆ ಆಗಲೇ 1930ಕ್ಕೆ ಫೋನ್ ಮಾಡಿ, ಯಾಕೆಂದರೆ ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಸಿಗುವುದು ಸ್ವಲ್ಪವೇ ಹೊತ್ತು.