ಟಿಕೆಟ್ ಪಕ್ಷದ್ದು, ನಾಮಪತ್ರ ಮತದಾರನದು

ಚುನಾವಣೆ ಹತ್ತಿರ ಬಂತೆಂದರೆ ಬೀದರ್ ಜಿಲ್ಲೆಯ ನಮ್ಮ ಮುಡಬಿಯಲ್ಲಿ ಮಾತು ಶುರುವಾಗುವುದೇ ಟಿಕೆಟಿನಿಂದ. ಬಸವಕಲ್ಯಾಣದ ಬಸ್ಸಿನಲ್ಲೂ ಹುಮನಾಬಾದಿನ ಬಸ್ಸಿನಲ್ಲೂ ಅದೇ ಚರ್ಚೆ: ಟಿಕೆಟ್ ಯಾರಿಗೆ, ತಪ್ಪಿದ್ದು ಯಾರಿಗೆ, ಬಿ ಫಾರಂ ಯಾರ ಕೈಗೆ? ಆದರೆ ಮತಯಂತ್ರದ ಮೇಲೆ ಒಂದು ಹೆಸರು ಬರಬೇಕಾದರೆ ಕಾನೂನು ಏನು ಕೇಳುತ್ತದೆ ಎಂಬುದು ಈ ಚರ್ಚೆಯಲ್ಲಿ ಬರುವುದು ಅಪರೂಪ. ಅಲ್ಲಿಂದಲೇ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಪಕ್ಷದ ಬಾಗಿಲು ಕಿರಿದಾದದ್ದು ಕಂಡು ಕಾನೂನಿನ ಬಾಗಿಲೂ ಮುಚ್ಚಿದೆ ಎಂದುಕೊಂಡು ಅರ್ಹರು ಹಿಂದೆ ಸರಿಯುತ್ತಾರೆ. ಇದು ಊರಿಗೆ ಆಗುವ ನಷ್ಟ. ಹಾಗಾಗಿ ನಮ್ಮ ಭಾಗದಲ್ಲಿ ಹೆಚ್ಚಾಗಿ ಕೇಳಿಬರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: "ಟಿಕೆಟ್ ಸಿಗಲಾರದೆ ಎಲೆಕ್ಷನ್ಯಾಗ ನಿಂದ್ರಲಿಕ್ಕೆ ಬರಲ್ಲ."

ಸತ್ಯ: ಬರುತ್ತದೆ. 25 ವರ್ಷ ತುಂಬಿದ, ಕರ್ನಾಟಕದ ಮತದಾರರ ಪಟ್ಟಿಯಲ್ಲಿ ಹೆಸರಿರುವ, ಕಾನೂನಿನಲ್ಲಿ ಹೇಳಿದ ಅನರ್ಹತೆ ಯಾವುದೂ ಇಲ್ಲದ ನಾಗರಿಕರು ವಿಧಾನಸಭೆಗೆ ನಾಮಪತ್ರ ಸಲ್ಲಿಸಬಹುದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು. ಪಕ್ಷೇತರರಿಗೂ ಮಾನ್ಯತೆಯಿಲ್ಲದ ಪಕ್ಷದವರಿಗೂ ಹತ್ತು ಸೂಚಕರು ಬೇಕು. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಗೆಲ್ಲದೆ, ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚೂ ಪಡೆಯದಿದ್ದರೆ ಮಾತ್ರ ಆ ಹಣ ಹೋಗುತ್ತದೆ.

ಬಸವಕಲ್ಯಾಣದಲ್ಲೇ ಉದಾಹರಣೆ ಇದೆ. ಶಾಸಕ ಬಿ. ನಾರಾಯಣರಾವ್ 2020ರಲ್ಲಿ ತೀರಿಕೊಂಡ ನಂತರ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. 2018ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿದ್ದ ಮಾಜಿ ಶಾಸಕ ಮಲ್ಲಿಕಾರ್ಜುನ ಖೂಬಾ ಅವರಿಗೆ ಈ ಸಲ ಟಿಕೆಟ್ ಸಿಗಲಿಲ್ಲ. ಅವರು ಪಕ್ಷೇತರರಾಗಿ ಕಣಕ್ಕಿಳಿದರು. ಗೆಲ್ಲಲಿಲ್ಲ, ಆದರೆ ಅವರ ಹೆಸರು ಯಂತ್ರದ ಮೇಲೆ ಬರುವುದನ್ನು ಯಾವ ಪಕ್ಷವೂ ತಡೆಯಲಾಗಲಿಲ್ಲ.

ಹತ್ತು ಸೂಚಕರ ನಿಯಮದ ಹಿಂದೆಯೂ ಕನ್ನಡ ನಾಡಿನ ಒಂದು ಘಟನೆ ಇದೆ. 1996ರ ಲೋಕಸಭಾ ಚುನಾವಣೆಯಲ್ಲಿ ಗಡಿ ವಿವಾದದ ಪ್ರತಿಭಟನೆಯಾಗಿ ಬೆಳಗಾವಿ ಕ್ಷೇತ್ರ ಒಂದರಲ್ಲೇ 456 ಮಂದಿ ಕಣದಲ್ಲಿದ್ದರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ಆ ಸಂಖ್ಯೆ ಸಾವಿರ ದಾಟಿತ್ತು. ಅದೇ ವರ್ಷ ಚುನಾವಣಾ ಕಾಯ್ದೆಗೆ ತಿದ್ದುಪಡಿ ತಂದು ಠೇವಣಿ ಏರಿಸಿದರು, ಪಕ್ಷೇತರರಿಗೆ ಹತ್ತು ಸೂಚಕರನ್ನು ಕಡ್ಡಾಯ ಮಾಡಿದರು. ಬಾಗಿಲು ಸ್ವಲ್ಪ ಬಿಗಿಯಾಯಿತು, ಮುಚ್ಚಲಿಲ್ಲ.

ನಂಬಿಕೆ 2: "ಬಿ ಫಾರಂ ಕೈಗೆ ಬಂತಂದ್ರ ಮುಗೀತು, ಅದೇ ನಾಮಪತ್ರ."

ಸತ್ಯ: ಎರಡೂ ಬೇರೆ ಬೇರೆ ಕಾಗದ. ನಾಮಪತ್ರ ಮತದಾರನೊಬ್ಬ ಅಭ್ಯರ್ಥಿಯ ಹೆಸರನ್ನು ಸೂಚಿಸುವ ಪತ್ರ. ವಿಧಾನಸಭೆಗೆ ಅದು ನಮೂನೆ 2ಬಿ. ಬಿ ಫಾರಂ ಎಂದರೆ "ಇವರೇ ನಮ್ಮ ಅಭ್ಯರ್ಥಿ" ಎಂದು ಪಕ್ಷ ಚುನಾವಣಾಧಿಕಾರಿಗೆ ಕೊಡುವ ಪತ್ರ. ಪಕ್ಷದ ಚಿಹ್ನೆ ಸಿಗುವುದು ಅದರಿಂದ. ಪಕ್ಷದ ಪರವಾಗಿ ಬಿ ಫಾರಂಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ತಿಳಿಸುವುದು ಎ ಫಾರಂ.

ಇವೆಲ್ಲಕ್ಕೂ ಗಡಿಯಾರ ಕಟ್ಟಿಟ್ಟಿದೆ. 2021ರ ಬಸವಕಲ್ಯಾಣದ ವೇಳಾಪಟ್ಟಿಯನ್ನೇ ನೋಡಿ: ಮಾರ್ಚ್ 23ಕ್ಕೆ ಅಧಿಸೂಚನೆ, 30ಕ್ಕೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ, 31ಕ್ಕೆ ಪರಿಶೀಲನೆ, ಏಪ್ರಿಲ್ 3ಕ್ಕೆ ವಾಪಸಾತಿಯ ಗಡುವು. ನಾಮಪತ್ರ ಕೊಡುವ ಸಮಯ ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಕೊನೆಯ ದಿನ 3 ಗಂಟೆಯೊಳಗೆ ಎ ಮತ್ತು ಬಿ ಫಾರಂಗಳೂ ಶಾಯಿಯ ಸಹಿಯೊಂದಿಗೆ ಮೂಲ ಪ್ರತಿಯಲ್ಲೇ ತಲುಪಿರಬೇಕು. ಟಿಕೆಟ್ ಖಾತ್ರಿಯಾಗುವ ಮುಂಚೆಯೇ ನಾಮಪತ್ರ ಕೊಡುವವರಲ್ಲಿ ತಿಳಿದವರು ಎರಡು ಸೆಟ್ ಕೊಡುತ್ತಾರೆ. ಒಂದು ಪಕ್ಷದ ಹೆಸರಿನಲ್ಲಿ ಒಬ್ಬ ಸೂಚಕನೊಂದಿಗೆ, ಇನ್ನೊಂದು ಹತ್ತು ಸೂಚಕರೊಂದಿಗೆ. ಬಿ ಫಾರಂ ಬಾರದಿದ್ದರೆ ಮೊದಲನೆಯದು ತಿರಸ್ಕೃತವಾಗುತ್ತದೆ, ಎರಡನೆಯದು ಅವರನ್ನು ಪಕ್ಷೇತರರಾಗಿ ಕಣದಲ್ಲಿ ಉಳಿಸುತ್ತದೆ. ಒಂದು ಕ್ಷೇತ್ರದಲ್ಲಿ ಒಬ್ಬರು ನಾಲ್ಕು ಸೆಟ್‌ವರೆಗೆ ಸಲ್ಲಿಸಬಹುದು.

ನಂಬಿಕೆ 3: "ಹೊರಗಿನವರಿಗಿ ಇಲ್ಲಿ ನಿಂದ್ರಲಿಕ್ಕೆ ಹಕ್ಕಿಲ್ಲ."

ಸತ್ಯ: ವಿಧಾನಸಭೆಗೆ ರಾಜ್ಯದ ಯಾವುದೇ ಕ್ಷೇತ್ರದ ಮತದಾರರಾದರೂ ನಿಲ್ಲಬಹುದು. ತಮ್ಮ ಕ್ಷೇತ್ರದ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ತಂದುಕೊಟ್ಟರಾಯಿತು. ರಾಮನಗರ ಭಾಗದ ರಾಜಕಾರಣಿ ಪಿ.ಜಿ.ಆರ್. ಸಿಂಧ್ಯ 2018ರಲ್ಲಿ ಬಸವಕಲ್ಯಾಣದಿಂದ ಜೆಡಿಎಸ್ ಅಭ್ಯರ್ಥಿಯಾದದ್ದು ಹೀಗೆ. ಸೂಚಕರು ಮಾತ್ರ ಅದೇ ಕ್ಷೇತ್ರದವರೇ ಆಗಿರಬೇಕು. ಹೊರಗಿನವರು ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಮತದಾರರು, ಅಧಿಕಾರಿಯಲ್ಲ. ಗ್ರಾಮ ಪಂಚಾಯಿತಿಗೆ ನಿಯಮ ಬೇರೆ. ಅಲ್ಲಿ ಅಭ್ಯರ್ಥಿಯ ಹೆಸರು ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲೇ ಇರಬೇಕು.

ನಂಬಿಕೆ 4: "ಸೂಚಕನ ಸಹಿ ಅಂದ್ರ ಬರೀ ನಾಮಕಾವಾಸ್ತೆ."

ಸತ್ಯ: ನಾಮಪತ್ರಕ್ಕೆ ಜೀವ ಬರುವುದೇ ಆ ಸಹಿಯಿಂದ. 2024ರ ಲೋಕಸಭಾ ಚುನಾವಣೆಯಲ್ಲಿ ಗುಜರಾತಿನ ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ಸೂಚಕರು "ಈ ಸಹಿ ನಮ್ಮದಲ್ಲ" ಎಂದು ಪ್ರಮಾಣಪತ್ರ ಕೊಟ್ಟರು. ನಾಮಪತ್ರಗಳು ತಿರಸ್ಕೃತವಾದವು. ಉಳಿದವರು ಹಿಂದೆ ಸರಿದರು. ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು. ಲಕ್ಷಾಂತರ ಮತದಾರರಿಗೆ ಮತ ಹಾಕುವ ಅವಕಾಶವೇ ಬರಲಿಲ್ಲ.

ಹಾಗಾಗಿ ಖಾಲಿ ಫಾರಂ ಮೇಲೆ ಯಾರು ಕೇಳಿದರೂ ಸಹಿ ಹಾಕಬೇಡಿ. ಓದಿ, ಹೆಸರು ನೋಡಿ, ಒಪ್ಪಿಗೆಯಿದ್ದರೆ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು, ಆದರೆ ಚುನಾವಣಾಧಿಕಾರಿ ಅಥವಾ ನಿಯೋಜಿತ ಅಧಿಕಾರಿಯ ಎದುರೇ ಒತ್ತಬೇಕು. ಮನೆಯಲ್ಲಿ ಒತ್ತಿಸಿಕೊಂಡು ಹೋದ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ಸಹಿ ಹಾಕಿದ ಮಾತ್ರಕ್ಕೆ ಅವರಿಗೇ ಮತ ಹಾಕಬೇಕೆಂಬ ಕಟ್ಟುಪಾಡೂ ಇಲ್ಲ. ನಿಮ್ಮ ಮತ ಗುಟ್ಟು.

ನಂಬಿಕೆ 5: "ಕೋರ್ಟಿನ್ಯಾಗ ಕೇಸ್ ಇದ್ರ ಹೆಸರು ತೆಗೀತಾರ."

ಸತ್ಯ: ಕೇಸ್ ಇದ್ದರೆ ಸಾಲದು, ಶಿಕ್ಷೆಯಾಗಿರಬೇಕು. ಸಾಮಾನ್ಯವಾಗಿ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯ ನಂತರ ಆರು ವರ್ಷದವರೆಗೆ ನಿಲ್ಲುವಂತಿಲ್ಲ. ಆದರೆ ಬಾಕಿ ಇರುವ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆ ಎಲ್ಲವನ್ನೂ ನಮೂನೆ 26ರ ಪ್ರಮಾಣಪತ್ರದಲ್ಲಿ ಬರೆಯಲೇಬೇಕು. ಮತದಾರರಿಗೆ ಇದನ್ನೆಲ್ಲ ತಿಳಿಯುವ ಹಕ್ಕು ಸಿಕ್ಕಿದ್ದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ. ಕಾಲಂ ಖಾಲಿ ಬಿಟ್ಟವರಿಗೆ ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲಿ ಅದೇ ಕೋರ್ಟ್ ಹೇಳಿತು. ಅದೇ ವೇಳೆ ಅಕ್ಷರ ತಪ್ಪಿನಂಥ ಸಣ್ಣಪುಟ್ಟ ದೋಷಕ್ಕೆ ನಾಮಪತ್ರ ತಿರಸ್ಕರಿಸಬಾರದೆಂದು ಕಾಯ್ದೆಯೇ ಹೇಳುತ್ತದೆ. ಪ್ರಮಾಣಪತ್ರವನ್ನು ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲಿ ಹಚ್ಚಿರುತ್ತಾರೆ. ಯಾರು ಬೇಕಾದರೂ ಹೋಗಿ ಓದಬಹುದು.

ನಂಬಿಕೆ 6: "ಮೂರು ಮಕ್ಕಳಿದ್ದವರು ಪಂಚಾಯಿತಿಗಿ ನಿಂದ್ರಂಗಿಲ್ಲ. ಜನರಲ್ ವಾರ್ಡಿನ್ಯಾಗ ಹೆಣ್ಮಕ್ಕಳೂ ನಿಂದ್ರಂಗಿಲ್ಲ."

ಸತ್ಯ: ಎರಡೂ ತಪ್ಪು. ಮೊದಲನೆಯದು ಗಡಿ ದಾಟಿ ಬಂದ ಮಾತು. ಎರಡು ಮಕ್ಕಳ ನಿಯಮ ಮಹಾರಾಷ್ಟ್ರದ ಪಂಚಾಯಿತಿಗಳದ್ದು. ಉಮರ್ಗಾ, ನಿಲಂಗಾ ಕಡೆಯ ಬೀಗರಿಂದ ಕೇಳಿದ್ದನ್ನು ನಮ್ಮ ಕಾನೂನೆಂದು ತಿಳಿದವರು ಕಡಿಮೆಯಿಲ್ಲ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅಂಥ ನಿಷೇಧವಿಲ್ಲ. ಇನ್ನು ಮಹಿಳಾ ಮೀಸಲು ಎಂದರೆ ಆ ಸ್ಥಾನದಲ್ಲಿ ಮಹಿಳೆಯರಷ್ಟೇ ನಿಲ್ಲಬಹುದು ಎಂದರ್ಥ. ಸಾಮಾನ್ಯ ಸ್ಥಾನಗಳಲ್ಲಿ ಅವರು ನಿಲ್ಲಬಾರದು ಎಂದಲ್ಲ. ಪರಿಶಿಷ್ಟರಿಗೂ ಇದೇ ಮಾತು. 21 ತುಂಬಿದ ಹೆಣ್ಣುಮಗಳು ತನ್ನ ಪಂಚಾಯಿತಿಯ ಸಾಮಾನ್ಯ ಸ್ಥಾನಕ್ಕೆ ಧೈರ್ಯವಾಗಿ ನಾಮಪತ್ರ ಕೊಡಬಹುದು.

ಗ್ರಾಮ ಪಂಚಾಯಿತಿಯಲ್ಲಿ ಬಿ ಫಾರಂ ಎಂಬುದೇ ಇಲ್ಲ. ಚುನಾವಣೆ ಪಕ್ಷಾತೀತ, ಚಿಹ್ನೆ ಕೊಡುವುದು ರಾಜ್ಯ ಚುನಾವಣಾ ಆಯೋಗ. 2020ರ ಡಿಸೆಂಬರಿನಲ್ಲಿ ಬೇರೆ ಜಿಲ್ಲೆಗಳವರು ಮತಪತ್ರದ ಮೇಲೆ ಮುದ್ರೆ ಒತ್ತಿದಾಗ ಬೀದರ್ ಜಿಲ್ಲೆಯ ಹಳ್ಳಿಗಳು ಮತಯಂತ್ರದ ಗುಂಡಿ ಒತ್ತಿದವು. ಆ ಯಂತ್ರದ ಮೇಲೂ ಯಾವ ಪಕ್ಷದ ಗುರುತೂ ಇರಲಿಲ್ಲ.

ನಂಬಿಕೆ 7: "ಊರವರೆಲ್ಲ ಕೂಡಿ ಗುಡಿಗಿ ರೊಕ್ಕ ಕೊಟ್ಟವರನ್ನ ಅವಿರೋಧ ಮಾಡಿದ್ರ ತಪ್ಪೇನು?"

ಸತ್ಯ: ತಪ್ಪೇ. ಮಾತುಕತೆಯಿಂದ, ಸ್ವಂತ ಮನಸ್ಸಿನಿಂದ ನಾಮಪತ್ರ ವಾಪಸ್ ಪಡೆದರೆ ಅದು ಅಭ್ಯರ್ಥಿಯ ಹಕ್ಕು. ಹಣ ಬಂದ ಕ್ಷಣ ಅದು ಲಂಚ. ನಿಲ್ಲಲು, ನಿಲ್ಲದಿರಲು, ಹಿಂದೆ ಸರಿಯಲು ಹಣ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. 2020ರಲ್ಲಿ ಕಲಬುರಗಿ ಸೇರಿ ಕೆಲವು ಜಿಲ್ಲೆಗಳಿಂದ ಸದಸ್ಯ ಸ್ಥಾನಗಳ ಹರಾಜಿನ ಸುದ್ದಿ ಬಂದಾಗ ಆಯೋಗ ಕ್ರಮಕ್ಕೆ ಸೂಚಿಸಬೇಕಾಯಿತು. ಆ ಹಣದಿಂದ ಗುಡಿ ಎದ್ದರೂ, ಹಣವಿಲ್ಲದವನ ಸ್ಪರ್ಧಿಸುವ ಹಕ್ಕನ್ನು ಮಾರಿದ ಹಾಗೆಯೇ ಆಯಿತು.

ನಂಬಿಕೆ 8: "ಪಕ್ಷದ ಅಭ್ಯರ್ಥಿ ಯಾರಂತ ಆರಿಸೋದರಾಗ ಜನರದ್ದೂ ಮಾತು ಇರ್ತದ."

ಸತ್ಯ: ಹಾಗಿರಬೇಕಿತ್ತು, ಆದರೆ ಇಲ್ಲ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸಲು ಪ್ರೈಮರಿ ಎಂಬ ಪ್ರಾಥಮಿಕ ಚುನಾವಣೆ ನಡೆಯುತ್ತದೆ. ಅದರ ಮತಪತ್ರದಲ್ಲಿ ಹೆಸರು ಬರಲು ಮತದಾರರ ಸಹಿ ಸಂಗ್ರಹಿಸಬೇಕು ಅಥವಾ ಶುಲ್ಕ ಕಟ್ಟಬೇಕು, ನಿಯಮ ರಾಜ್ಯಕ್ಕೊಂದು. ನಮ್ಮಲ್ಲಿ ಅಂಥ ಕಾನೂನಿಲ್ಲ. 2014ರಲ್ಲಿ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿದ್ದವು. ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿ ಹಾಗೆ ಆಯ್ಕೆಯಾದ ಅಭ್ಯರ್ಥಿಗಳು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಬಿಜೆಪಿಯೂ ರಾಜ್ಯದಲ್ಲಿ ತನ್ನ ಪದಾಧಿಕಾರಿಗಳಿಂದ ಮತಪೆಟ್ಟಿಗೆಯಲ್ಲಿ ಅಭಿಪ್ರಾಯ ಪಡೆಯಿತು. ಎರಡೂ ಕಡೆ ಮತ ಹಾಕಿದವರು ಪಕ್ಷದವರೇ, ಸಾಮಾನ್ಯ ಮತದಾರರಲ್ಲ.

ಅದೇ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿಗೆ 5,000 ರೂಪಾಯಿ, ಜೊತೆಗೆ 2 ಲಕ್ಷದ ಡಿಡಿ ಕೇಳಿತ್ತು. ಪರಿಶಿಷ್ಟರಿಗೆ 1 ಲಕ್ಷ. ಇದನ್ನೇ ಸರ್ಕಾರಿ ಠೇವಣಿ ಎಂದುಕೊಂಡವರೂ ಇದ್ದಾರೆ. ಅದು ಪಕ್ಷದ ಶುಲ್ಕ. ಕಾನೂನು ಕೇಳುವುದು ಮೇಲೆ ಹೇಳಿದ ಠೇವಣಿ ಮಾತ್ರ.

ನಂಬಿಕೆ 9: "ರೊಕ್ಕ ಇದ್ದವರ ಹೆಸರೇ ಯಂತ್ರದಾಗ ಮ್ಯಾಲ ಬರ್ತದ."

ಸತ್ಯ: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ನಂತರ ನೋಂದಾಯಿತ ಪಕ್ಷಗಳವರು, ಆಮೇಲೆ ಪಕ್ಷೇತರರು. ಪ್ರತಿ ಗುಂಪಿನಲ್ಲೂ ಕನ್ನಡ ವರ್ಣಮಾಲೆಯ ಕ್ರಮ. ಹೆಸರಿನ ಪಕ್ಕ ಅಭ್ಯರ್ಥಿಯ ಫೋಟೋ ಹಾಕುವ ಪದ್ಧತಿ 2015ರಿಂದ ಬಂತು. ಒಂದೇ ಹೆಸರಿನವರನ್ನು ನಿಲ್ಲಿಸಿ ಮತದಾರರನ್ನು ಗೊಂದಲಕ್ಕೆ ಕೆಡಹುವುದನ್ನು ತಡೆಯುವುದು ಅದರ ಉದ್ದೇಶ.

ಇಷ್ಟನ್ನು ತಿಳಿದುಕೊಂಡರೆ ಮಾಡಬೇಕಾದದ್ದೂ ಸ್ಪಷ್ಟವಾಗುತ್ತದೆ. ಊರಿನಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವವರು ಕಂಡರೆ ನಾವೇ ಸೂಚಕರಾಗಿ ನಿಲ್ಲಬೇಕು. ಪಕ್ಷದವರು ಮನೆಗೆ ಬಂದಾಗ "ಈ ಅಭ್ಯರ್ಥಿಯನ್ನು ಆರಿಸಿದವರು ಯಾರು, ಹೇಗೆ?" ಎಂದು ಕೇಳಬೇಕು. ಪ್ರಮಾಣಪತ್ರ ಓದಬೇಕು, ಹರಾಜಿನ ಸಭೆ ನಡೆದರೆ ಎದ್ದು ವಿರೋಧಿಸಬೇಕು. ಮತ ಹಾಕುವ ಹಕ್ಕನ್ನು ನಾವು ಚೆನ್ನಾಗಿ ಬಲ್ಲೆವು. ಆದರೆ ಯಂತ್ರದ ಮೇಲೆ ಯಾರ ಹೆಸರಿರಬೇಕು ಎಂಬುದರಲ್ಲೂ ಕಾನೂನು ನಮಗೆ ಪಾಲು ಕೊಟ್ಟಿದೆ. ಆ ಪಾಲನ್ನು ಕೇಳದೆ ಬಿಟ್ಟರೆ, ಬೇರೆಯವರು ಆರಿಸಿಟ್ಟವರಲ್ಲೇ ಒಬ್ಬರನ್ನು ಒಪ್ಪಿಕೊಳ್ಳುವುದಷ್ಟೇ ನಮಗೆ ಉಳಿಯುತ್ತದೆ.