ಮನೆ ಕದಲದು, ಸಾಲ ಊರೂರು ಸುತ್ತುತ್ತದೆ

ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನೇ ನೋಡಿದವನು ನಾನು. ಮದರ್ ಡೀಡ್, ಇ.ಸಿ., ಖಾತೆ, ವಕೀಲರ ಅಭಿಪ್ರಾಯ ಎಲ್ಲವೂ ಅದರಲ್ಲಿರುತ್ತಿತ್ತು. ಬ್ರೋಕರ್‌ಗೆ ಎಷ್ಟು ಕೊಟ್ಟರು ಎಂಬ ಚೀಟಿಯೊಂದು ಮಾತ್ರ ಇರುತ್ತಿರಲಿಲ್ಲ. ನಿವೃತ್ತಿಯ ನಂತರ ಮೈಸೂರಿನ ನಮ್ಮ ತಂದೆಯ ಮನೆ ಮಾರಲು ಹೊರಟಾಗ ಮೂವರು ಬ್ರೋಕರ್‌ಗಳನ್ನು ವಿಚಾರಿಸಿದೆ. ಮೂವರದೂ ಒಂದೇ ಉತ್ತರ: "ಎರಡು ಪರ್ಸೆಂಟ್ ಸಾರ್, ಎಲ್ಲಾ ಕಡೆ ಅದೇ ನಡೀತಿರೋದು." ಚೌಕಾಸಿಗೆ ನನಗೆ ಬಾಯಿಯೇ ಬರಲಿಲ್ಲ.

ಮೂವರೂ ಒಂದೇ ದರ ಹೇಳಿದರೆಂದು ಒಳಒಪ್ಪಂದ ಎನ್ನಲಾಗದು. ಆದರೆ ಒಪ್ಪಂದವೇ ಇದ್ದರೆ? ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಮನೆ ಮಾರಿದವರು, ಕೊಂಡವರು ಸೇರಿ 1975ರಲ್ಲಿ ಆ ಪ್ರಶ್ನೆಯನ್ನೇ ಕೋರ್ಟಿಗೆ ಒಯ್ದರು. ಬ್ರೋಕರ್‌ಗಳ ಎರಡು ಸಂಘಗಳು, ಆರು ಸಂಸ್ಥೆಗಳು ಸೇರಿ ಕಮಿಷನ್ ದರ ನಿಗದಿ ಮಾಡಿಕೊಂಡಿವೆ ಎಂಬುದು ದೂರು.

ಕೆಳಗಿನ ಎರಡೂ ಕೋರ್ಟುಗಳು ಅದನ್ನು ವಿಚಾರಣೆಗೇ ಬಿಡಲಿಲ್ಲ. ಇಂಥ ಒಪ್ಪಂದಗಳನ್ನು ನಿಷೇಧಿಸುವ 1890ರ ಶೆರ್ಮನ್ ಕಾಯಿದೆ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಸಂಬಂಧಿಸಿದ್ದು. ಮನೆಯೂ ಬ್ರೋಕರೂ ಅದೇ ಊರಿನವರು, ಇದು ಸ್ಥಳೀಯ ವ್ಯವಹಾರ ಎಂದವು.

ಸುಪ್ರೀಂ ಕೋರ್ಟು 1980ರ ಜನವರಿ 8ರಂದು ಇದನ್ನು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದ ಆ ತೀರ್ಪು ನನಗೆ ಇಷ್ಟವಾಗಲು ಕಾರಣ, ಅದು ನಮ್ಮ ಕಡತಗಳನ್ನೇ ಬಿಚ್ಚಿ ನೋಡಿದಂತಿದೆ. ಮನೆ ನಿಂತಲ್ಲೇ ನಿಂತಿರುತ್ತದೆ, ನಿಜ. ಕೊಳ್ಳುವ ಹಣ ಹೊರರಾಜ್ಯಗಳಿಂದಲೂ ಬರುತ್ತದೆ. ಅಡಮಾನದ ಪತ್ರ ಬೇರೆ ರಾಜ್ಯದ ಹೂಡಿಕೆದಾರರಿಗೆ ಮಾರಾಟವಾಗುತ್ತದೆ. ಸಾಲ ಕೊಡುವವರು ಹಕ್ಕುಪತ್ರಕ್ಕೆ ವಿಮೆ ಕೇಳುತ್ತಾರೆ. ಕಮಿಷನ್ ಏರಿ ಮನೆ ವ್ಯಾಪಾರ ಕುಗ್ಗಿದರೆ ಈ ಸಾಲ, ವಿಮೆಗಳೂ ಕುಗ್ಗುತ್ತವೆ. ಹಾಗಾಗಿ ಮೊಕದ್ದಮೆ ನಡೆಯಲಿ ಎಂದಿತು ಕೋರ್ಟು. ದರ ನಿಗದಿ ನಡೆದಿತ್ತೇ ಇಲ್ಲವೇ ಎಂದು ಅದು ಹೇಳಲಿಲ್ಲ; ಕೇಳುವ ಬಾಗಿಲು ತೆರೆಯಿತು, ಅಷ್ಟೆ. ಆ "ಅಷ್ಟೆ" ನನ್ನ ಮಟ್ಟಿಗೆ ದೊಡ್ಡದು.

1950ರಲ್ಲೇ ಅದೇ ಕೋರ್ಟು ವಾಷಿಂಗ್ಟನ್ನಿನ ಬ್ರೋಕರ್ ಮಂಡಳಿಯ ದರಪಟ್ಟಿಯನ್ನು ಕಾನೂನುಬಾಹಿರ ಎಂದಿತ್ತು. ಕಡಿಮೆ ತೆಗೆದುಕೊಂಡವರಿಗೆ ದಂಡ ಹಾಕದಿದ್ದರೂ, ಎಲ್ಲರೂ ಒಪ್ಪಿ ದರ ಕಟ್ಟಿದ್ದೇ ತಪ್ಪಾಯಿತು. 2023ರಲ್ಲಿ ಕಾನ್ಸಾಸ್ ಸಿಟಿಯ ಜ್ಯೂರಿ ರಾಷ್ಟ್ರೀಯ ಬ್ರೋಕರ್ ಸಂಘದ ವಿರುದ್ಧ ತೀರ್ಪಿತ್ತ ಮೇಲೆ ನಿಯಮವೇ ಬದಲಾಯಿತು. 2024ರ ಆಗಸ್ಟ್‌ನಿಂದ ಅಲ್ಲಿ ಕೊಳ್ಳುವವರ ಬ್ರೋಕರ್ ಮನೆ ತೋರಿಸುವ ಮೊದಲೇ ತನ್ನ ಸಂಭಾವನೆಯನ್ನು ಬರಹದಲ್ಲಿ ಒಪ್ಪಿಸಿಕೊಳ್ಳಬೇಕು.

ನಮ್ಮಲ್ಲೂ 2002ರ ಸ್ಪರ್ಧಾ ಕಾಯಿದೆಯ 3ನೇ ಕಲಂ ವ್ಯಾಪಾರಿಗಳು ಕೂಡಿ ದರ ಕಟ್ಟುವುದನ್ನು ನಿಷೇಧಿಸುತ್ತದೆ. 2016ರ ರೇರಾ ಕಾಯಿದೆಯಲ್ಲಿ ಬ್ರೋಕರ್ ಕಮಿಷನ್ ಇಷ್ಟೇ ಎಂದು ಎಲ್ಲೂ ಬರೆದಿಲ್ಲ. ಟೋಕನ್ ಅಡ್ವಾನ್ಸ್ ಕೈಬದಲಾಗುವ ಮುನ್ನವೇ ದರ ಮಾತಾಡಿ, ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.